ಬೋಲ್ಟಿಗೂ ಒಂದು ಹದ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಾಲಾ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ಸಭೆಯ ಅಧ್ಯಕ್ಷರೇ, ಟ್ರಸ್ಟಿನ ಪದಾಧಿಕಾರಿಗಳೇ, ಹೆಸರು ಹೇಳಿಸಿಕೊಳ್ಳದೆ ವರ್ಷವಿಡೀ ಕೊಡುತ್ತಾ ಬಂದಿರುವ ದಾನಿಗಳೇ, ಕೆಲಸ ಬಿಟ್ಟು ಮಕ್ಕಳನ್ನು ಕರೆದುಕೊಂಡು ಬಂದಿರುವ ತಾಯಿ ತಂದೆಯರೇ, ಪ್ರೀತಿಯ ಮಕ್ಕಳೇ,

ಇಂಥ ಸಭೆಗಳಲ್ಲಿ ಮೇಷ್ಟರನ್ನು ಕರೆದರೆ ವಿದ್ಯೆಯ ಮಹತ್ವದ ಬಗ್ಗೆ ಮಾತಾಡುವುದು ವಾಡಿಕೆ. ವಿದ್ಯೆ ದೊಡ್ಡದು ಎಂಬುದು ನಿಮಗೆ ಗೊತ್ತಿದೆ, ಗೊತ್ತಿಲ್ಲದಿದ್ದರೆ ಅರ್ಜಿ ಹಿಡಿದು ಇಲ್ಲಿಗೆ ಬರುತ್ತಿರಲಿಲ್ಲ. ಹಾಗಾಗಿ ನಾನು ಒಂದು ಚಿಕ್ಕ ಕೆಲಸದ ಬಗ್ಗೆ ಮಾತಾಡುತ್ತೇನೆ. ಹಳೆಯ ಟ್ರಾಕ್ಟರನ್ನು ರಿಪೇರಿ ಮಾಡುವಾಗ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಎಂಬುದೇ ನನ್ನ ವಿಷಯ. ಇಲ್ಲಿ ಕುಳಿತಿರುವ ಎಷ್ಟೋ ಮನೆಗಳ ಊಟ ಗ್ಯಾರೇಜಿನಿಂದ, ವರ್ಕ್‌ಶಾಪಿನಿಂದ ಬರುತ್ತದೆ. ಆ ಕೆಲಸದೊಳಗೆ ಎಷ್ಟು ವಿದ್ಯೆ ಇದೆ ಎಂಬುದನ್ನು ಒಮ್ಮೆ ಎಲ್ಲರೂ ಸೇರಿ ನೋಡೋಣ.

ನಮ್ಮ ಕನಕಪುರದ ಸೀಮೆ ರಾಗಿಯದು, ರೇಷ್ಮೆಯದು. ರಾಗಿ ಬಿತ್ತುವವರಿಗೆ ಹದ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಮಳೆ ಬಂದ ಮೇಲೆ ನೆಲ ಎರಡು ಮೂರು ದಿನ ಹದದಲ್ಲಿರುತ್ತದೆ. ಅಷ್ಟರೊಳಗೆ ಉಳಬೇಕು. ಮೊದಲು ಹೋದರೆ ಕೆಸರು, ತಡವಾದರೆ ಹೆಂಟೆ. ಮನೆಯೊಳಗೆ ತಾಯಂದಿರಿಗೆ ಮುದ್ದೆಯ ಹದ ಗೊತ್ತು. ರೇಷ್ಮೆ ನೂಲು ಬಿಚ್ಚುವವರಿಗೆ ಎಳೆಯ ಬಿಗಿ ಗೊತ್ತು: ಹೆಚ್ಚಾದರೆ ಎಳೆ ತುಂಡಾಗುತ್ತದೆ, ಕಡಿಮೆಯಾದರೆ ನೂಲು ಜೋಲುತ್ತದೆ. ಬೋಲ್ಟಿಗೂ ಅಂಥದೇ ಒಂದು ಹದ ಇದೆ. ಆದರೆ ಗ್ಯಾರೇಜಿನಲ್ಲಿ ಹುಡುಗನಿಗೆ ಮೊದಲ ದಿನ ಹೇಳುವ ಮಾತು ಒಂದೇ, "ಚೆನ್ನಾಗಿ ಟೈಟ್ ಮಾಡು". ಚೆನ್ನಾಗಿ ಎಂದರೆ ಎಷ್ಟು? ಅಲ್ಲಿಂದ ಪಾಠ ಶುರುವಾಗುತ್ತದೆ.

ಬೋಲ್ಟು ಎರಡು ಭಾಗಗಳನ್ನು ಮೊಳೆಯ ಹಾಗೆ ಹಿಡಿದುಕೊಂಡಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಿಡಿಯುವುದು ಸ್ಪ್ರಿಂಗಿನ ಹಾಗೆ. ತಿರುಗಿಸಿದಾಗ ಬೋಲ್ಟಿನ ಉಕ್ಕು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ. ಹಿಗ್ಗಿದ್ದು ಮತ್ತೆ ತನ್ನ ಅಳತೆಗೆ ಬರಲು ಎಳೆಯುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು. ವಿಜ್ಞಾನ ಓದುವ ಮಕ್ಕಳು ಇದನ್ನು ಸ್ಥಿತಿಸ್ಥಾಪಕತೆ ಎಂದು ಓದುತ್ತಾರೆ. ಗ್ಯಾರೇಜಿನಲ್ಲಿ ಅದೇ ಪಾಠ ಕೈಗೆ ಗ್ರೀಸ್ ಹಚ್ಚಿಕೊಂಡು ಬರುತ್ತದೆ.

ಆ ಎಳೆತದ ಬಲ ಎಷ್ಟು ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ. ತಲೆಯ ಮೇಲೆ 8.8 ಎಂದು ಒತ್ತಿರುವ 12 ಮಿಲಿಮೀಟರ್ ಬೋಲ್ಟೊಂದನ್ನು ಹದವಾಗಿ ಬಿಗಿ ಮಾಡಿದರೆ ಅದು ಸುಮಾರು ಮೂರೂವರೆಯಿಂದ ನಾಲ್ಕು ಟನ್ ಬಲದಿಂದ ಒತ್ತಿ ಹಿಡಿಯುತ್ತದೆ. 25 ಅಶ್ವಶಕ್ತಿಯ ಹಳೆಯ ಟ್ರಾಕ್ಟರಿನ ತೂಕ ಎರಡು ಟನ್ನಿನೊಳಗೇ. ಎಂದರೆ ಬೆರಳು ದಪ್ಪದ ಒಂದು ಬೋಲ್ಟಿಗೆ ಇಡೀ ಟ್ರಾಕ್ಟರಿನ ತೂಕಕ್ಕಿಂತ ಹೆಚ್ಚಿನ ಬಲ.

ಅಷ್ಟು ಬಲ ಯಾಕೆ ಬೇಕು? ಎಂಜಿನ್ನಿನ ಹೆಡ್ಡನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 2,000 ಸುತ್ತು ಓಡುವ ಡೀಸೆಲ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನೊಳಗೆ ನಿಮಿಷಕ್ಕೆ 1,000 ಸಲ ಉರಿ ಏಳುತ್ತದೆ, ಗಂಟೆಗೆ 60,000 ಸಲ. ಪ್ರತಿ ಸಲವೂ ಆ ಉರಿ ಹೆಡ್ಡನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳುವ ಬಲಕ್ಕಿಂತ ಬೋಲ್ಟಿನ ಬಿಗಿ ಹೆಚ್ಚಿದ್ದರೆ ಹೆಡ್ಡು ಅಲುಗುವುದಿಲ್ಲ, ಬೋಲ್ಟಿಗೂ ಆ ಏಟು ಅಷ್ಟಾಗಿ ತಾಗುವುದಿಲ್ಲ. ಬಿಗಿ ಕಡಿಮೆಯಾದರೆ ಪ್ರತಿ ಸಲವೂ ಹೆಡ್ಡು ಕೂದಲೆಳೆಯಷ್ಟು ಏಳುತ್ತದೆ, ಕೂರುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಬೋಲ್ಟು ದಣಿದು ಮುರಿಯುತ್ತದೆ. ಮುರಿದ ಬೋಲ್ಟು ನೋಡಿದ ಕೂಡಲೇ "ಜಾಸ್ತಿ ಟೈಟ್ ಆಗಿತ್ತು" ಎನ್ನುವುದು ರೂಢಿ. ಎಷ್ಟೋ ಸಲ ಅದು ಮುರಿದದ್ದು ಸಡಿಲವಿದ್ದ ಕಾರಣಕ್ಕೆ.

ಬೋಲ್ಟು ಮುರಿಯದಿದ್ದರೂ ಗ್ಯಾಸ್ಕೆಟ್ ಹೋಗುತ್ತದೆ. ರೇಡಿಯೇಟರಿನ ನೀರು ಆಯಿಲ್ಲಿಗೆ ಸೇರಿ, ಡಿಪ್‌ಸ್ಟಿಕ್ ಎಳೆದರೆ ಹಾಲು ಹೆಚ್ಚಾದ ಚಹಾದ ಬಣ್ಣ ಕಾಣುತ್ತದೆ. ಎಂಜಿನ್ ಕಾಯುತ್ತದೆ, ಹೆಡ್ಡು ಸೊಟ್ಟಗಾಗುತ್ತದೆ. ಇದು ಯಾವಾಗ ಆಗುತ್ತದೆ? ಶೆಡ್ಡಿನಲ್ಲಿ ನಿಂತಾಗ ಆಗುವುದಿಲ್ಲ. ಹೊಲಕ್ಕೆ ಹದ ಬಂದು, ನೇಗಿಲು ಇಳಿಸಿ, ಎಂಜಿನ್ನಿಗೆ ಪೂರ್ತಿ ಭಾರ ಬಿದ್ದಾಗ ಆಗುತ್ತದೆ. ಗ್ಯಾಸ್ಕೆಟ್ಟಿನ ಬೆಲೆ ಕೊಡಬಹುದು. ಹೋದ ಹದದ ಬೆಲೆ ಯಾರು ಕೊಡುತ್ತಾರೆ?

ಹಾಗಾದರೆ ಸರಿಯಾದ ಬಿಗಿ ಅಳೆಯುವುದು ಹೇಗೆ? ಬೋಲ್ಟು ಎಷ್ಟು ಹಿಗ್ಗಿತು ಎಂದು ಗ್ಯಾರೇಜಿನಲ್ಲಿ ಅಳೆಯಲಾಗುವುದಿಲ್ಲ. ಅದಕ್ಕೆ ತಿರುಗಿಸುವ ಬಲವನ್ನು ಅಳೆಯುತ್ತೇವೆ. ಅದೇ ಟಾರ್ಕ್. ಲೆಕ್ಕ ಸುಲಭ: ಬಲವನ್ನು ದೂರದಿಂದ ಗುಣಿಸುವುದು. 30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು 30 ಕೆ.ಜಿ. ಬಲದಿಂದ ಎಳೆದರೆ 9 ಕೆ.ಜಿ. ಮೀಟರ್, ನ್ಯೂಟನ್ ಮೀಟರಿನಲ್ಲಿ ಹೇಳಿದರೆ ಸುಮಾರು 88. ಎಣ್ಣೆ ಹಚ್ಚದ 12 ಮಿಲಿಮೀಟರಿನ 8.8 ಬೋಲ್ಟಿಗೆ ಸಾಮಾನ್ಯವಾಗಿ ಬೇಕಾದದ್ದೂ 80ರ ಆಸುಪಾಸು. ಈಗ ಅದೇ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ 90 ಸೆಂಟಿಮೀಟರ್ ಮಾಡಿ, ಅದೇ ಕೈ, ಅದೇ ಜೋರು. ಆಗ ಬೋಲ್ಟಿನ ಮೇಲೆ ಬೀಳುವುದು ಸುಮಾರು 265 ನ್ಯೂಟನ್ ಮೀಟರ್, ಮೂರು ಪಟ್ಟು. ಬೋಲ್ಟು ಆಗಲೇ ಮುರಿದರೆ ಅದೃಷ್ಟ. ಮುರಿಯದೆ, ಮತ್ತೆ ತನ್ನ ಅಳತೆಗೆ ಬರಲಾಗದಷ್ಟು ಹಿಗ್ಗಿ ಕುಳಿತರೆ, ನೋಡಲು ಬಿಗಿಯಾಗಿರುತ್ತದೆ, ಒಳಗೆ ಜೀವ ಹೋಗಿರುತ್ತದೆ.

ಮಕ್ಕಳೇ, 13ರ ಸ್ಪ್ಯಾನರು ಗಿಡ್ಡ, 19ರದ್ದು ಉದ್ದ ಯಾಕೆ ಎಂದು ಯೋಚಿಸಿದ್ದೀರಾ? 13ರ ಸ್ಪ್ಯಾನರು ಹಿಡಿಯುವುದು 8 ಮಿಲಿಮೀಟರ್ ಬೋಲ್ಟನ್ನು. ಅದಕ್ಕೆ ಬೇಕಾದದ್ದು ಸುಮಾರು 25 ನ್ಯೂಟನ್ ಮೀಟರ್ ಮಾತ್ರ. ಗೇಣಿಗಿಂತ ಚಿಕ್ಕದಾದ ಸ್ಪ್ಯಾನರನ್ನು ಸಾಧಾರಣ ಜೋರಿನಿಂದ ಎಳೆದರೆ ಅಷ್ಟು ಬರುತ್ತದೆ. ಸ್ಪ್ಯಾನರಿನ ಉದ್ದದಲ್ಲೇ ಹದವನ್ನು ಇಟ್ಟುಕೊಟ್ಟಿದ್ದಾರೆ. ಪೈಪು ಸಿಕ್ಕಿಸಿದ ಕೂಡಲೇ ಆ ಬುದ್ಧಿಯನ್ನು ನಾವು ಎತ್ತಿ ಆಚೆ ಇಟ್ಟ ಹಾಗೆ.

ಇನ್ನೊಂದು ಲೆಕ್ಕ ಹೇಳಬೇಕು. ನಾವು ತಿರುಗಿಸಲು ಹಾಕುವ ಶ್ರಮದಲ್ಲಿ ನೂರಕ್ಕೆ ಸುಮಾರು 50 ಭಾಗ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ, 40 ಭಾಗ ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು 10 ಭಾಗ. ಥ್ರೆಡ್ಡಿನಲ್ಲಿ ತುಕ್ಕು, ಮಣ್ಣು ಇದ್ದರೆ ಆ 10 ಭಾಗವೂ ತುಕ್ಕಿಗೇ ಹೋಗುತ್ತದೆ. ಕೈಗೆ ಬಿಗಿ ಎನಿಸುತ್ತದೆ, ಬೋಲ್ಟು ಹಿಗ್ಗಿರುವುದಿಲ್ಲ. ಇದಕ್ಕೆ ಎದುರಾಗಿ, ಒಣಗಿರಬೇಕು ಎಂದು ಬರೆದಿರುವ ಕಡೆ ಎಣ್ಣೆ ಸುರಿದರೆ ಘರ್ಷಣೆ 90ರಿಂದ 80ಕ್ಕೆ ಇಳಿಯಿತು ಎಂದುಕೊಳ್ಳಿ. ಉಳಿಯುವುದು 20, ಎಂದರೆ ಬೋಲ್ಟಿನ ಮೇಲೆ ಎರಡರಷ್ಟು ಎಳೆತ. ಅದಕ್ಕೇ ಪುಸ್ತಕದಲ್ಲಿ ಎಣ್ಣೆ ಹಚ್ಚಿ ಎಂದಿದ್ದರೆ ಹಚ್ಚಬೇಕು, ಇಲ್ಲದಿದ್ದರೆ ಒರೆಸಬೇಕು. ಯಾವುದಿದ್ದರೂ ಥ್ರೆಡ್ಡನ್ನು ಮೊದಲು ತಂತಿ ಬ್ರಷ್ಷಿನಿಂದ ಉಜ್ಜಬೇಕು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಅದನ್ನು ಪೂರ್ತಿ ತೆಗೆಯಬೇಕು. ದ್ರವ ಅಮುಕಿದರೆ ಕುಗ್ಗುವುದಿಲ್ಲ. ಬೋಲ್ಟು ಇಳಿಯುತ್ತಾ ಹೋದಂತೆ ಅದು ಬ್ಲಾಕನ್ನೇ ಸೀಳಿಬಿಡಬಲ್ಲದು.

ಈಗ ಕೆಲಸದ ಕ್ರಮ. ಗ್ಯಾರೇಜಿನಲ್ಲಿರುವ ಹುಡುಗರು ಇದನ್ನು ಬರೆದುಕೊಳ್ಳಲಿ.

ಒಂದು, ಹೆಡ್ ಬಿಚ್ಚುವಾಗ ಹೊರಗಿನ ಬೋಲ್ಟುಗಳಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಕೂರಿಸುವಾಗ ನಡುವಿನಿಂದ ಹೊರಕ್ಕೆ ಬಿಗಿ ಮಾಡುತ್ತಾ ಹೋಗಬೇಕು. ಚಾಪೆ ಹಾಸುವಾಗ ನಡುವಿನಿಂದ ಸವರಿದರೆ ಸುಕ್ಕು ಹೊರಗೆ ಹೋಗುತ್ತದೆ. ಎರಡು ತುದಿ ಮೊದಲು ಹಿಡಿದರೆ ಸುಕ್ಕು ನಡುವೆ ನಿಲ್ಲುತ್ತದೆ. ಆ ಎಂಜಿನ್ನಿನ ಪುಸ್ತಕದಲ್ಲಿ ಕ್ರಮಸಂಖ್ಯೆ ಕೊಟ್ಟಿದ್ದರೆ ಅದೇ ಕೊನೆಯ ಮಾತು.

ಎರಡು, ಒಂದೇ ಸುತ್ತಿನಲ್ಲಿ ಪೂರ್ತಿ ಬಿಗಿ ಮಾಡಬಾರದು. ಮೊದಲು ಎಲ್ಲವನ್ನೂ ಕೈಯಲ್ಲಿ ಕೂರಿಸಿ, ಆಮೇಲೆ ಮೂರು ಸುತ್ತಿನಲ್ಲಿ ಪೂರ್ತಿ ಅಂಕೆಗೆ ಬರಬೇಕು.

ಮೂರು, ಟಾರ್ಕ್ ರೆಂಚನ್ನು ನಿಧಾನವಾಗಿ, ಒಂದೇ ಸಮನೆ ಎಳೆಯಬೇಕು. ಜಗ್ಗಬಾರದು. ಟಕ್ ಎಂದ ಮೇಲೆ ನಿಲ್ಲಿಸಬೇಕು, ಇನ್ನೊಂದು ಟಕ್ ಬೇಡ. ಹಿಡಿದುಕೊಂಡ ಬೋಲ್ಟನ್ನು ಬಿಚ್ಚಲು ಆ ರೆಂಚನ್ನು ಬಳಸಬಾರದು. ಕೆಲಸ ಮುಗಿದ ಮೇಲೆ ಅದನ್ನು ಕೆಳಗಿನ ಅಂಕೆಗೆ ತಿರುಗಿಸಿ ಡಬ್ಬದಲ್ಲಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ವರ್ಷಕ್ಕೊಮ್ಮೆಯಾದರೂ ಅದರ ಅಳತೆಯನ್ನು ಪರೀಕ್ಷೆ ಮಾಡಿಸಬೇಕು. ತಪ್ಪು ತಕ್ಕಡಿ ಇಟ್ಟುಕೊಂಡ ಅಂಗಡಿಯವನಿಗೂ ತಪ್ಪು ರೆಂಚು ಇಟ್ಟುಕೊಂಡ ಗ್ಯಾರೇಜಿಗೂ ವ್ಯತ್ಯಾಸವಿಲ್ಲ.

ನಾಲ್ಕು, ಚಕ್ರದ ನಟ್ಟುಗಳನ್ನು ವೃತ್ತದಲ್ಲಿ ಒಂದಾದ ಮೇಲೆ ಒಂದು ಬಿಗಿ ಮಾಡಬಾರದು, ಎದುರುಬದುರಾಗಿ ಮಾಡಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಕೆಲವು ಗಂಟೆ ಕೆಲಸ ಮಾಡಿಸಿ ಮತ್ತೊಮ್ಮೆ ನೋಡಬೇಕು. ರಾಗಿ ತೆನೆಯ ಮೇಲೆ ಜನ ಕುಳಿತು ಟ್ರೈಲರಿನಲ್ಲಿ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಜನರ ಪ್ರಾಣ ಚಕ್ರದ ಆರೆಂಟು ನಟ್ಟುಗಳ ಮೇಲಿರುತ್ತದೆ.

ಐದು, ತೆಗೆದ ಜಾಗಕ್ಕೆ ಅದೇ ಜಾತಿಯ ಬೋಲ್ಟು ಹಾಕಬೇಕು. ಹಳೆಯ ಟ್ರಾಕ್ಟರುಗಳಲ್ಲಿ ಇದೇ ದೊಡ್ಡ ತೊಡಕು. ನಮ್ಮ ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ ಕಂಪನಿ ಕೈಗಡಿಯಾರ ಮಾತ್ರ ಮಾಡಲಿಲ್ಲ. 1971ರಿಂದ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ಜೆಟಾರ್ ಕಂಪನಿಯ ಸಹಯೋಗದಲ್ಲಿ ಟ್ರಾಕ್ಟರನ್ನೂ ಮಾಡಿತು. ಅದರ ಅಳತೆ ಮಿಲಿಮೀಟರಿನದು. ಇಂಗ್ಲೆಂಡಿನ ಹಳೆಯ ವಿನ್ಯಾಸದಿಂದ ಬಂದ ಮ್ಯಾಸ್ಸಿ ಫರ್ಗುಸನ್‌ನಂಥ ಟ್ರಾಕ್ಟರುಗಳಲ್ಲಿ ಇಂಚಿನ ಬೋಲ್ಟು. 5/16 ಇಂಚು ಎಂದರೆ 7.94 ಮಿಲಿಮೀಟರ್. 8 ಮಿಲಿಮೀಟರ್ ಬೋಲ್ಟಿನ ಪಕ್ಕದಲ್ಲಿಟ್ಟರೆ ಕಣ್ಣಿಗೆ ಒಂದೇ. ಆದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ 8 ಮಿಲಿಮೀಟರಿನದರಲ್ಲಿ 1.25, ಇಂಚಿನ ಒರಟು ಥ್ರೆಡ್ಡಿನಲ್ಲಿ 1.41 ಮಿಲಿಮೀಟರ್. ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಬಲ ಹಾಕಿದರೆ ಥ್ರೆಡ್ ಕಿತ್ತು ಬರುತ್ತದೆ. ತಲೆಯ ಮೇಲಿನ ಗುರುತನ್ನೂ ಓದಬೇಕು: ಮಿಲಿಮೀಟರಿನದಕ್ಕೆ 8.8, 10.9 ಎಂಬ ಅಂಕೆ, ಇಂಚಿನದಕ್ಕೆ ಗೆರೆಗಳು. ಮೂರು ಗೆರೆ ಇದ್ದರೆ ಐದನೇ ದರ್ಜೆ, ಆರು ಗೆರೆ ಇದ್ದರೆ ಎಂಟನೇ ದರ್ಜೆ.

ಎಚ್‌ಎಂಟಿಯ ಟ್ರಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಟ್ರಾಕ್ಟರುಗಳು ಮಾತ್ರ ಹೊಲದಲ್ಲಿ ಉಳಿದವು. ಮಾಡಿದ ಕಾರ್ಖಾನೆ ಇಲ್ಲದ ಮೇಲೆ ಆ ಯಂತ್ರಕ್ಕೆ ದಿಕ್ಕು ಯಾರು? ನಮ್ಮ ಊರಿನ ಗ್ಯಾರೇಜಿನ ಉಸ್ತಾದರೇ.

ಕಣ್ಣಂದಾಜಿನ ಬೋಲ್ಟು ಏನು ಮಾಡುತ್ತದೆ ಎಂಬುದಕ್ಕೆ ಜಗತ್ತಿಗೆ ಗೊತ್ತಿರುವ ಒಂದು ಘಟನೆ ಹೇಳುತ್ತೇನೆ. 1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 17,000 ಅಡಿ ಮೇಲೆ ಇದ್ದಾಗ ಪೈಲಟ್ಟಿನ ಮುಂದಿನ ಗಾಜು ಹಾರಿಹೋಯಿತು. ಪೈಲಟ್ ಅರ್ಧ ದೇಹ ಹೊರಗೆ ಸಿಕ್ಕಿಕೊಂಡರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಸಹ ಪೈಲಟ್ ವಿಮಾನ ಇಳಿಸಿದರು. ದೇವರ ದಯೆ, ಎಲ್ಲರೂ ಬದುಕಿದರು. ಆ ಗಾಜನ್ನು ಸ್ವಲ್ಪ ಮುಂಚೆಯಷ್ಟೇ ಬದಲಿಸಿದ್ದರು. ಅದಕ್ಕೆ ಹಾಕಿದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳ ದಪ್ಪ ಸುಮಾರು 0.66 ಮಿಲಿಮೀಟರ್ ಕಡಿಮೆ ಇತ್ತು, ಉಳಿದ ಆರು ಗಿಡ್ಡವಾಗಿದ್ದವು. ಕೆಲಸ ಮಾಡಿದವರು ಅನುಭವಸ್ಥರು. ಬಿಡಿಭಾಗಗಳ ಪಟ್ಟಿ ನೋಡುವ ಬದಲು ಹಳೆಯ ಬೋಲ್ಟಿನ ಪಕ್ಕದಲ್ಲಿಟ್ಟು ಕಣ್ಣಿನಿಂದ ಆರಿಸಿದ್ದರು. ಅನುಭವಕ್ಕೆ ಅಳತೆಯ ಜೊತೆ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ದೀನ್ ಈ ಮಾತನ್ನು ಬಹಳ ಹಿಂದೆಯೇ ಹೇಳಿದೆ. ಸೂರಾ ಸಬಾದಲ್ಲಿ ಹಜ್ರತ್ ದಾವೂದ್ ಅಲೈಹಿಸ್ಸಲಾಂ ಅವರಿಗೆ ಅಲ್ಲಾಹನು ಕಬ್ಬಿಣವನ್ನು ಮೆದು ಮಾಡಿಕೊಟ್ಟ ಪ್ರಸ್ತಾಪ ಬರುತ್ತದೆ. ಕವಚ ಮಾಡು ಎಂದಷ್ಟೇ ಆಜ್ಞೆಯಾಗಲಿಲ್ಲ, ಅದರ ಬಳೆಗಳನ್ನು ಅಳತೆಯಲ್ಲಿ ಜೋಡಿಸಬೇಕೆಂದೂ ಆಜ್ಞೆಯಾಯಿತು. ಇಬ್ನ್ ಕಸೀರ್ ಅವರ ತಫ್ಸೀರಿನಲ್ಲಿ ಮುಜಾಹಿದ್ ಅವರ ವಿವರಣೆ ಇದೆ. ಮೊಳೆ ಸಡಿಲವಾದರೆ ಬಳೆ ಅಲುಗುತ್ತದೆ, ಅತಿ ಬಿಗಿಯಾದರೂ ಕೆಡುತ್ತದೆ, ಆದ್ದರಿಂದ ಸರಿಯಾದ ಅಳತೆ ಇರಲಿ ಎಂಬುದು ಅದರ ಸಾರ. ಒಬ್ಬ ಪ್ರವಾದಿಗೆ ಕೊಟ್ಟ ಕೆಲಸ ಲೋಹದ ಕೆಲಸ, ಕೊಟ್ಟ ಸೂಚನೆ ಹದದ ಸೂಚನೆ. ಕೈಗೆ ಗ್ರೀಸ್ ಹತ್ತುವ ಕೆಲಸ ಕೀಳು ಎನ್ನುವವರು ಇದನ್ನು ನೆನಪಿಡಬೇಕು. ಅಂದಾಜಿನಲ್ಲಿ ಮುಗಿಸಿ ಕೈ ತೊಳೆಯುವವರೂ ನೆನಪಿಡಬೇಕು. ರೈತ ಟ್ರಾಕ್ಟರ್ ಬಿಟ್ಟು ಹೋದ ಮೇಲೆ ಅದು ನಮ್ಮ ಕೈಯಲ್ಲಿರುವ ಅಮಾನತ್ತು.

ಈಗ ವಿದ್ಯಾರ್ಥಿವೇತನದ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ಓದಿದ ಒಬ್ಬ ಹುಡುಗ ಎಂಟನೇ ತರಗತಿಗೆ ಶಾಲೆ ಬಿಟ್ಟ. ಮನೆಯ ಪರಿಸ್ಥಿತಿ ಹಾಗಿತ್ತು. ಗ್ಯಾರೇಜಿಗೆ ಸೇರಿದ, ಒಳ್ಳೆಯ ಕೆಲಸಗಾರನಾದ, ತನ್ನದೇ ಶೆಡ್ಡು ಹಾಕಿದ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ. ಉಳಿತಾಯ ಮಾಡಿ ಟಾರ್ಕ್ ರೆಂಚನ್ನೂ ಕೊಂಡ. ಆದರೂ ಒಂದು ಹಳೆಯ ಟ್ರಾಕ್ಟರಿನ ಹೆಡ್ ಗ್ಯಾಸ್ಕೆಟ್ ಎರಡು ಸಲ ಹೋಯಿತು. ಎರಡನೇ ಸಲದ ಖರ್ಚನ್ನು ರೈತನಿಂದ ತೆಗೆದುಕೊಳ್ಳದೆ ತಾನೇ ಹಾಕಿಕೊಂಡ. ಆಮೇಲೆ ಇಂಗ್ಲಿಷ್ ಪುಸ್ತಕದ ಒಂದು ಪುಟ ಹಿಡಿದು ನನ್ನ ಹತ್ತಿರ ಬಂದ. "ಸರ್, 85 ಅಂತ ಬರೆದಿದೆ, 85ಕ್ಕೇ ಇಟ್ಟು ಟೈಟ್ ಮಾಡಿದ್ದೀನಿ, ಯಾಕೆ ನಿಲ್ಲುತ್ತಿಲ್ಲ?" ಎಂದ. ಪುಸ್ತಕದ 85 ಪೌಂಡ್ ಅಡಿಯ ಲೆಕ್ಕ. ಅವನ ರೆಂಚಿನ 85 ನ್ಯೂಟನ್ ಮೀಟರಿನ ಲೆಕ್ಕ. ಒಂದು ಪೌಂಡ್ ಅಡಿ ಎಂದರೆ 1.356 ನ್ಯೂಟನ್ ಮೀಟರ್. 85ನ್ನು ಅದರಿಂದ ಗುಣಿಸಿದರೆ 115. ಅವನು ಪ್ರತಿ ಬೋಲ್ಟಿಗೂ ಬೇಕಾದ ಬಿಗಿಯಲ್ಲಿ ಮುಕ್ಕಾಲು ಪಾಲು ಮಾತ್ರ ಕೊಟ್ಟಿದ್ದ. ಲೆಕ್ಕ ಬರೆದುಕೊಟ್ಟೆ. ಮೂರನೇ ಸಲ ಹಾಕಿದ ಗ್ಯಾಸ್ಕೆಟ್ ನಿಂತಿತು.

ಆ ಹುಡುಗನ ಕೈಯಲ್ಲಿ ಕಸುಬಿಗೆ ಕೊರತೆಯಿರಲಿಲ್ಲ, ಪ್ರಾಮಾಣಿಕತೆಗೂ ಕೊರತೆಯಿರಲಿಲ್ಲ. ಅವನಿಗೆ ತಪ್ಪಿದ್ದು ಒಂಬತ್ತು ಮತ್ತು ಹತ್ತನೇ ತರಗತಿ, ಆಮೇಲಿನ ಒಂದೆರಡು ವರ್ಷ. ಆ ವರ್ಷಗಳ ಬೆಲೆಯನ್ನು ಅವನೂ ತೆತ್ತ, ಒಬ್ಬ ರೈತನೂ ತೆತ್ತ.

ದಾನಿಗಳಲ್ಲಿ ನನ್ನ ಅರಿಕೆ ಇಷ್ಟು. ನಮ್ಮ ಹಣದಿಂದ ಒಬ್ಬಳು ಡಾಕ್ಟರಾದಳು, ಒಬ್ಬ ಎಂಜಿನಿಯರಾದ ಎಂದರೆ ಎಲ್ಲರಿಗೂ ಸಂತೋಷ, ನನಗೂ ಸಂತೋಷ. ಜೊತೆಗೆ ಐಟಿಐಗೆ ಹೋಗುವ ಮಕ್ಕಳ ಅರ್ಜಿಯನ್ನೂ ಅದೇ ಸಾಲಿನಲ್ಲಿ ಇಡಿ. ಮೆಕ್ಯಾನಿಕ್ ಡೀಸೆಲ್, ಮೆಕ್ಯಾನಿಕ್ ಟ್ರಾಕ್ಟರ್ ಒಂದು ವರ್ಷದ ಟ್ರೇಡುಗಳು, ಫಿಟ್ಟರ್ ಎರಡು ವರ್ಷದ್ದು. ಅದು ಅಲ್ಲಿಗೇ ಮುಗಿಯುವ ದಾರಿಯೂ ಅಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ಸೇರಬಹುದು. ನಮ್ಮ ಪಕ್ಕದ ಬಿಡದಿಯಲ್ಲೇ ಟೊಯೊಟಾ ಕಂಪನಿ 2007ರಿಂದ, ಎಸ್‌ಎಸ್‌ಎಲ್‌ಸಿ ಮುಗಿಸಿದ ಗ್ರಾಮೀಣ ಮಕ್ಕಳಿಗಾಗಿ ತಾಂತ್ರಿಕ ತರಬೇತಿ ಸಂಸ್ಥೆ ನಡೆಸುತ್ತಿದೆ. ಈ ಎಲ್ಲ ಬಾಗಿಲುಗಳಿಗೂ ಬೀಗದ ಕೈ ಒಂದೇ, ಎಸ್‌ಎಸ್‌ಎಲ್‌ಸಿ ಪಾಸು.

ಟ್ರಸ್ಟಿನವರಲ್ಲಿ ಒಂದು ಸಲಹೆ. ಐಟಿಐ ಮುಗಿಸುವ ಮಕ್ಕಳಿಗೆ ಶಾಲು ಹಾರದ ಬದಲು ಒಂದು ಟೂಲ್ ಕಿಟ್ ಕೊಡಿ, ಅದರಲ್ಲಿ ಒಂದು ಟಾರ್ಕ್ ರೆಂಚ್ ಇರಲಿ. ಆಗಲೇ ಕೆಲಸದಲ್ಲಿರುವ ಉಸ್ತಾದರಿಗಾಗಿ ತಿಂಗಳಿಗೊಂದು ಭಾನುವಾರ, ಮ್ಯಾನ್ಯುಯಲ್ ಓದುವುದು, ಅಳತೆಯ ಲೆಕ್ಕ ಹಾಕುವುದು, ಇಷ್ಟನ್ನು ಹೇಳಿಕೊಡುವ ತರಗತಿ ನಡೆಸಿ. ಜಾಗ ನೀವು ಕೊಟ್ಟರೆ ಪಾಠ ನಾನು ಮಾಡುತ್ತೇನೆ. ಅಲ್ಲಿ ನನಗೂ ಕಲಿಯುವುದು ಬಹಳ ಇದೆ.

ತಾಯಿ ತಂದೆಯರಲ್ಲಿ ಒಂದು ಮಾತು. ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕೆ ಹಚ್ಚುವುದು ಕಾನೂನಿನ ಪ್ರಕಾರ ತಪ್ಪು ಎಂಬುದು ನಿಮಗೆ ಗೊತ್ತು. ಕಾನೂನಿನ ಮಾತು ಹಾಗಿರಲಿ. ಗ್ಯಾರೇಜು ಎಲ್ಲಿಗೂ ಹೋಗುವುದಿಲ್ಲ, ಹತ್ತನೇ ತರಗತಿ ಮುಗಿದ ಮೇಲೂ ಅಲ್ಲೇ ಇರುತ್ತದೆ. ಓದಿ ಬಂದ ಕೈಗೆ ಅದು ಹೆಚ್ಚು ಕೊಡುತ್ತದೆ. ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಟಾರ್ಕ್ ರೆಂಚಿಗೆ ಬೇಕಾದದ್ದು ತೋಳಿನ ಜೋರಿಗಿಂತ ಅಂಕೆಯ ಮೇಲಿನ ಗಮನ.

ಮಕ್ಕಳೇ, ಕೊನೆಯದಾಗಿ ನಿಮಗೆ. ಈ ಹಣ ಯಾರದೋ ಬೆವರು. ಅದನ್ನು ತೀರಿಸಲು ನೀವು ದೊಡ್ಡ ಮನುಷ್ಯರಾಗಲೇಬೇಕೆಂದು ಯಾರೂ ಕೇಳುತ್ತಿಲ್ಲ. ಯಾವ ಕೆಲಸ ಹಿಡಿದರೂ ಅದರ ಅಳತೆ ತಿಳಿದುಕೊಳ್ಳಿ, ಯಾರೂ ನೋಡದಿದ್ದಾಗಲೂ ಅಳತೆ ತಪ್ಪಬೇಡಿ. ಹೆಡ್ಡಿನ ಮೇಲೆ ಮುಚ್ಚಳ ಕೂತ ಮೇಲೆ ಒಳಗಿನ ಬೋಲ್ಟು ಯಾರ ಕಣ್ಣಿಗೂ ಕಾಣುವುದಿಲ್ಲ. ಬಿಗಿ ಮಾಡಿದವನಿಗೆ ಗೊತ್ತಿರುತ್ತದೆ, ಅಲ್ಲಾಹನಿಗೆ ಗೊತ್ತಿರುತ್ತದೆ.

ಕೊಟ್ಟವರ ಸಂಪಾದನೆಯಲ್ಲಿ ಅಲ್ಲಾಹನು ಬರ್ಕತ್ ಕೊಡಲಿ, ಪಡೆದವರ ವಿದ್ಯೆಯಲ್ಲಿ ಲಾಭ ಕೊಡಲಿ, ನಮ್ಮ ತಾಲ್ಲೂಕಿನ ಹೊಲಗಳಿಗೆ ಸಕಾಲದ ಮಳೆ ಕೊಡಲಿ. ಆಮೀನ್.

ವಸ್ಸಲಾಮು ಅಲೈಕುಂ.